ಕೊಲೆಯಿಲ್ಲದ ಕ್ಲೈಮ್ಯಾಕ್ಸ್

ಹುಮನಾಬಾದಿನಲ್ಲಿ ಸಿನಿಮಾ ನೋಡುವವರಿಗೆ ಭಾಷೆ ಅಡ್ಡ ಬರುವುದಿಲ್ಲ. ಹೈದರಾಬಾದ್–ಪುಣೆ ಹೆದ್ದಾರಿಯ ಮೇಲಿನ ಊರು. ಜಹೀರಾಬಾದ್ ಕಡೆಯಿಂದ ತೆಲುಗು, ಉಮರ್ಗಾ ಕಡೆಯಿಂದ ಮರಾಠಿ, ಬಜಾರಿನಲ್ಲಿ ದಖನಿ ಉರ್ದು, ಮನೆಯೊಳಗೆ ಕನ್ನಡ. ಶಂಕರ್ ನಿರ್ದೇಶನದ 2005ರ ತಮಿಳು ಚಿತ್ರ ‘ಅನ್ನಿಯನ್’ ತೆಲುಗಿನಲ್ಲಿ ‘ಅಪರಿಚಿತುಡು’, ಹಿಂದಿಯಲ್ಲಿ ‘ಅಪರಿಚಿತ್’. ಇಂಥ ಸೀಮೆಯವರಿಗೆ ಎರಡೂ ದಾರಿ ತೆರೆದೇ ಇದ್ದವು. ಆ ಚಿತ್ರದಲ್ಲಿ ಪೊಲೀಸ್ ಅಧಿಕಾರಿಯಾದ ಪ್ರಕಾಶ್ ರೈ ಎದುರು ವಿಕ್ರಮ್ ಸಿಕ್ಕಿಬಿದ್ದು ಕೂತ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯುವುದಿಲ್ಲ. ವಿಕ್ರಮ್ ಪಾತ್ರವಾದ, ಅಂಗಲಾಚುವ ಅಂಬಿ ತಲೆ ತಗ್ಗಿಸುತ್ತಾನೆ, ಎತ್ತಿದಾಗ ಗರ್ಜಿಸುವ ಇನ್ನೊಬ್ಬ. ಮರುಕ್ಷಣ ಮತ್ತೆ ಅಂಬಿ. ಎಲ್ಲವೂ ಆ ನಟನ ಗಂಟಲು, ಕತ್ತು, ಭುಜದಲ್ಲೇ ನಡೆದುಹೋಗುತ್ತದೆ.

ಆದರೆ ಅದನ್ನು ನೋಡಿ ಸ್ಕಿಜೋಫ್ರೀನಿಯಾ ಅಂದರೆ ಇದೇ ಎಂದುಕೊಂಡವರು ಬಹಳ. ಒಂದೇ ದೇಹದಲ್ಲಿ ಇಬ್ಬರು ಮೂವರು ವಾಸಿಸುವುದು ಬೇರೆಯೇ ಕಾಯಿಲೆ. ಸ್ಕಿಜೋಫ್ರೀನಿಯಾದಲ್ಲಿ ಮನುಷ್ಯ ಒಬ್ಬನೇ. ಯಾರೂ ಆಡದ ಮಾತು ಅವನ ಕಿವಿಗೆ ಬೀಳುತ್ತದೆ, ಯಾರೋ ಬೆನ್ನು ಹತ್ತಿದ್ದಾರೆಂಬ ನಂಬಿಕೆ ಯಾವ ಸಮಾಧಾನಕ್ಕೂ ಕದಲುವುದಿಲ್ಲ. ಮಾತು ಕಡಿಮೆಯಾಗುತ್ತದೆ, ಸ್ನಾನ, ಉಡುಗೆ, ಗೆಳೆಯರು ಯಾವುದೂ ಬೇಡವಾಗುತ್ತದೆ. ಲೋಕದಲ್ಲಿ ಸುಮಾರು 300–350 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇದು. ಇಂಥವರು ಹೊಡೆಯುವುದಕ್ಕಿಂತ ಹೊಡೆತ ತಿನ್ನುವುದೇ ಹೆಚ್ಚು. ಅವರ ಕೈಗೆ ಮಚ್ಚು ಕೊಟ್ಟದ್ದು ಸಿನಿಮಾ.

ಈ ಕಾಯಿಲೆಯನ್ನೂ ಆ್ಯಕ್ಷನ್ ಚಿತ್ರದ ಗುಣವನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು 2001ರ ‘ಎ ಬ್ಯೂಟಿಫುಲ್ ಮೈಂಡ್’. ರಾತ್ರಿ ಕಾರುಗಳ ಬೆನ್ನಟ್ಟುವಿಕೆ, ಗುಂಡಿನ ಸದ್ದು, ಸೀಟಿನಲ್ಲಿ ಮುದುಡಿಕೊಂಡ ಗಣಿತಜ್ಞ ಜಾನ್ ನ್ಯಾಶ್. ನಾವು ಉಸಿರು ಬಿಗಿಹಿಡಿದು ನೋಡಿದ ಆ ಸಾಹಸವೆಲ್ಲ ನಡೆದೇ ಇರಲಿಲ್ಲ ಎಂದು ಆಮೇಲೆ ತಿಳಿಯುತ್ತದೆ. ಅಲ್ಲಿಯ ಆ್ಯಕ್ಷನ್ನೇ ರೋಗಲಕ್ಷಣ! ಪ್ರೇಕ್ಷಕನೂ ಅಷ್ಟು ಹೊತ್ತು ಅದನ್ನು ನಿಜವೆಂದು ನಂಬಿರುತ್ತಾನೆ. ನಂಬುವುದು ಎಷ್ಟು ಸುಲಭ ಎಂಬುದು ಅವನಿಗೆ ಸ್ವಂತ ಅನುಭವವಾಗುತ್ತದೆ. ನ್ಯಾಶ್ ಭ್ರಮೆಯ ಪುಟ್ಟ ಹುಡುಗಿಯೊಬ್ಬಳು ಪಾರಿವಾಳಗಳ ನಡುವೆ ಓಡುತ್ತಾಳೆ, ಒಂದು ಹಕ್ಕಿಯೂ ಹಾರುವುದಿಲ್ಲ. ಮೊದಲ ಸಲ ಇದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಿಜದ ನ್ಯಾಶ್‌ರನ್ನು ಕಾಡಿದ್ದು ಮುಖ್ಯವಾಗಿ ದನಿಗಳು, ಕಣ್ಣಿಗೆ ಕಾಣುವ ಗೆಳೆಯರಲ್ಲ. ಸಿನಿಮಾ ಆ ದನಿಗಳಿಗೆ ಮೈ ಕೊಟ್ಟಿತು.

ದನಿಯನ್ನು ದನಿಯಾಗಿಯೇ ಉಳಿಸಿಕೊಂಡದ್ದು 2010ರ ಹಿಂದಿ ಥ್ರಿಲ್ಲರ್ ‘ಕಾರ್ತಿಕ್ ಕಾಲಿಂಗ್ ಕಾರ್ತಿಕ್’. ಬೆಳಗಿನ ಐದಕ್ಕೆ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಮಾತಾಡುವವನೂ ಕಾರ್ತಿಕನೇ. ಚಿತ್ರ ಆಮೇಲೆ ಸ್ವಲ್ಪ ಸಡಿಲಾಯಿತು, ಆದರೆ ಆ ಗಂಟೆಯ ಸದ್ದು ಮಾತ್ರ ಮರೆಯುವಂಥದ್ದಲ್ಲ.

ಇಷ್ಟಾದರೂ ನನ್ನ ಮನಸ್ಸು ತಿರುಗಿ ತಿರುಗಿ ಹೋಗುವುದು ಪಿ. ವಾಸು ಅವರ ‘ಆಪ್ತಮಿತ್ರ’ಕ್ಕೆ. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಅದರ ಮೂಲ. ಅದರ ನಾಯಕಿ ಗಂಗಾಳದ್ದೂ ಸ್ಕಿಜೋಫ್ರೀನಿಯಾ ಅಲ್ಲ, ಗೊತ್ತು. ಆದರೂ ಮನೋರೋಗಿಯನ್ನು ಕೇಂದ್ರದಲ್ಲಿಟ್ಟ ನಮ್ಮ ಥ್ರಿಲ್ಲರುಗಳಲ್ಲಿ ಇಷ್ಟು ಮಮತೆ ಇನ್ನೆಲ್ಲೂ ನನಗೆ ಕಂಡಿಲ್ಲ. ಗಂಡ ಹೊರಗೆ ಹೋಗಬೇಡ ಅಂದಾಗ ಗಂಗಾಳಾದ ಸೌಂದರ್ಯ ಒಮ್ಮೆಗೇ ಕೂಗುವುದಿಲ್ಲ. ಮಾತಿನ ನಡುವೆ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಕಣ್ಣು ನಿಲ್ಲುತ್ತದೆ, ಆಮೇಲೆ ತುಟಿ ಬಿಗಿಯುತ್ತದೆ. ಹೆಂಡತಿ ಎಲ್ಲಿ ಮುಗಿದಳು, ತಾನೇ ಎಂದು ಅವಳು ನಂಬಿದ ನಾಗವಲ್ಲಿ ಎಲ್ಲಿ ಶುರುವಾದಳು ಎಂದು ಗೆರೆ ಎಳೆಯಲಾಗುವುದಿಲ್ಲ. ಗುರುಕಿರಣ್ ಸಂಗೀತದಲ್ಲಿ ಅವಳು ತೆಲುಗಿನಲ್ಲಿ ಕರೆಯುತ್ತಾಳೆ. ಬೆಂಗಳೂರಿನ ಎಷ್ಟೋ ಕಿವಿಗಳಿಗೆ ಅದು ದೂರದ ಮೋಡಿ, ಗಡಿಯ ಈ ಸೀಮೆಯಲ್ಲಿ ಪಕ್ಕದ ಮನೆಯ ಮಾತು. ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ.

ಕ್ಲೈಮ್ಯಾಕ್ಸಿನಲ್ಲಿ ವಿಷ್ಣುವರ್ಧನ್ ಅವರ ಡಾಕ್ಟರು, ಅವಿನಾಶ್ ಅವರ ಆಚಾರ್ಯರು ಜಗಳವಾಡುವುದಿಲ್ಲ, ಜೊತೆಗೂಡುತ್ತಾರೆ. ಸೇಡು ಬೇಕೆನ್ನುವ ನಾಗವಲ್ಲಿಗೆ ಸೇಡು ಸಿಗುತ್ತದೆ, ಅವಳು ಕೊಂದದ್ದು ಬೊಂಬೆಯನ್ನು. ಯಾರ ರಕ್ತವೂ ಬೀಳುವುದಿಲ್ಲ, ಹೆಂಗಸಿನ ಮೇಲೆ ಯಾರೂ ಕೈ ಎತ್ತುವುದಿಲ್ಲ. ಇಡೀ ಚಿತ್ರ ಕೂಡಿಟ್ಟ ಭಯವೆಲ್ಲ ಒಂದು ಚಿಕಿತ್ಸೆಯಾಗಿ ಬಿಡುಗಡೆಯಾಗುತ್ತದೆ. ಗುಡಿ, ದರ್ಗಾ, ಆಮೇಲೆ ದವಾಖಾನೆ ಎಂದು ಸುತ್ತುವ ನಮ್ಮ ಕಡೆಯ ಕುಟುಂಬಗಳಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನಿಲ್ಲ. ದುವಾ ಇರಲಿ, ದವಾ ಬಿಡಬೇಡ ಎನ್ನುವುದು ಇಲ್ಲಿ ಸಹಜವಾಗಿ ಕೇಳುವ ಮಾತು. ವೈದ್ಯಶಾಸ್ತ್ರ ಆ ಚಿಕಿತ್ಸೆಯನ್ನು ಒಪ್ಪಲಿಕ್ಕಿಲ್ಲ. ಕಾಯಿಲೆಯವಳನ್ನು ಚಿತ್ರ ನೋಡಿದ ಬಗೆಯನ್ನು ನಾನು ಒಪ್ಪುತ್ತೇನೆ.

ಎದುರಿಗಿರುವವರ ಮಾತಿಗೆ ಜಾಗ ಕೊಡುವ ಬಗೆಗೆ ಹಳೆಯ ಮಾದರಿಯೊಂದು ನಮ್ಮ ಪಕ್ಕದಲ್ಲೇ ಇದೆ. ಹುಮನಾಬಾದಿನಿಂದ ಪಡುವಣಕ್ಕೆ ಬಸವಕಲ್ಯಾಣ. ಅಲ್ಲಿ ನಡೆಯಿತೆಂದು ಶೂನ್ಯಸಂಪಾದನೆ ಹೇಳುವ ವಿಚಾರಣೆಯೊಂದಿದೆ. ಉಟ್ಟ ಬಟ್ಟೆ ಬಿಟ್ಟು, ಕೂದಲನ್ನೇ ಹೊದ್ದು ಬಂದ ಅಕ್ಕಮಹಾದೇವಿ ಒಂದು ಕಡೆ, ಬಿಡದೆ ಕೇಳುವ ಅಲ್ಲಮ ಇನ್ನೊಂದು ಕಡೆ. ಅಕ್ಕನಿಗೆ ಯಾವ ಕಾಯಿಲೆಯ ಹೆಸರನ್ನೂ ಹಚ್ಚುವುದು ತಪ್ಪು. ನನ್ನ ಗಮನವಿರುವುದು ಕೇಳುವ ರೀತಿಯ ಮೇಲೆ. ಪ್ರಶ್ನೆ ಕಟುವಾಗಿದೆ, ಆದರೆ ಪ್ರತಿ ಪ್ರಶ್ನೆಯ ಆಚೆ ಅವಳ ಉತ್ತರಕ್ಕೆ ಪೂರ್ತಿ ಜಾಗವಿದೆ. ಯಾವ ಥ್ರಿಲ್ಲರಿಗೂ ಕಡಿಮೆಯಿಲ್ಲದ ಬಿಗಿ ಅಲ್ಲಿ ಬರೀ ಮಾತಿನಿಂದ ಹುಟ್ಟಿದೆ.

ಸ್ಕಿಜೋಫ್ರೀನಿಯಾದ ಮೇಲೆ ಅಂಥ ಬಿಗಿಯ ಕನ್ನಡ ಥ್ರಿಲ್ಲರ್ ಒಂದು ಬರಲಿ ಎಂದು ನನ್ನ ಆಸೆ. ಅದರಲ್ಲಿ ಬೀದರ್ ಮಾತಾಡುವ ಒಬ್ಬ ತಮ್ಮ ಇರಲಿ, ಅವನ ಅಕ್ಕ ಎದುರು ಕೂತು “ಏನ್ ಕೇಳ್ಸಲತದಪಾ ನಿನಗ?” ಎಂದು ಕೇಳಲಿ. ಅವನು ಹೇಳಿ ಮುಗಿಸುವ ತನಕ ನಿರ್ದೇಶಕ ಶಾಟ್ ಕಟ್ ಮಾಡದಿರಲಿ.