ಮಾನವ ಪ್ರೋಟೀನ್ ನಕ್ಷೆ: ಎಣಿಕೆ ಮುಗಿದರೆ ರೋಗಪತ್ತೆಯಾಯಿತೇ?

2014ರ ಮೇ 29ರ 'ನೇಚರ್' ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಅಕ್ಕಪಕ್ಕದಲ್ಲಿ ಬಂದವು. ಮನುಷ್ಯ ದೇಹದ ಪ್ರೋಟೀನುಗಳ ಕರಡು ನಕ್ಷೆಯನ್ನು ಓದುಗರ ಮುಂದಿಡುತ್ತಿದ್ದೇವೆ ಎಂಬುದು ಎರಡರ ಘೋಷಣೆಯೂ ಆಗಿತ್ತು. ಒಂದು ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ನ್‌ಹಾರ್ಡ್ ಕೂಸ್ಟರ್ ತಂಡದ್ದು. ಇನ್ನೊಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ ಅವರ ನೇತೃತ್ವದ್ದು. ಈ ಎರಡನೆಯದರಲ್ಲಿ ಅರ್ಧ ಬೆಂಗಳೂರೇ ಇತ್ತು ಎಂದರೂ ತಪ್ಪಿಲ್ಲ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ಸ್ನೇಹಾ ಪಿಂಟೊ, ಹರ್ಷ ಗೌಡ, ಕೇಶವ ಪ್ರಸಾದ್ ಮತ್ತು ಅವರ ಹಲವು ಸಹೋದ್ಯೋಗಿಗಳು, ಜೊತೆಗೆ ನಿಮ್ಹಾನ್ಸ್‌ನ ಸಂಶೋಧಕರು ಲೇಖಕರ ಪಟ್ಟಿಯಲ್ಲಿದ್ದರು. ಪ್ರಬಂಧ ಬಂದು ದಶಕ ದಾಟಿದೆ. ಅಭಿನಂದನೆಯ ಮಾತು ಆಗಲೇ ಆಡಿಯಾಗಿದೆ. ಈಗ ತೂಗಿ ನೋಡಬೇಕು. ಆ ನಕ್ಷೆ ಏನನ್ನು ಸಾಧಿಸಿತು, ಎಲ್ಲಿ ಎಡವಿತು, ರೋಗ ಪತ್ತೆ ಮಾಡುವ ವೈದ್ಯರಿಗೆ ಅದರಿಂದ ಸಿಕ್ಕಿದ್ದೇನು?

ಕೆಲಸದ ಬಗೆಯನ್ನು ಮೊದಲು ತಿಳಿಯೋಣ. ಮಾಸ್ ಸ್ಪೆಕ್ಟ್ರೋಮೀಟರ್ ಪ್ರೋಟೀನನ್ನು ಇಡಿಯಾಗಿ ಓದುವುದು ಅಪರೂಪ. ಅಂಗಾಂಶವನ್ನು ಅರೆದು, ಅದರಲ್ಲಿನ ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸುತ್ತಾರೆ. ಲೈಸೀನ್, ಆರ್ಜಿನೀನ್ ಎಂಬ ಅಮೈನೊ ಆಮ್ಲಗಳು ಬಂದಲ್ಲೆಲ್ಲ ಟ್ರಿಪ್ಸಿನ್ ಸರಪಳಿಯನ್ನು ತುಂಡರಿಸುತ್ತದೆ. ಹೀಗೆ ಸಿಕ್ಕ ಪೆಪ್ಟೈಡ್ ತುಣುಕುಗಳನ್ನು ಸೂಕ್ಷ್ಮ ಕೊಳವೆಯಲ್ಲಿ ಹರಿಸಿ ಬೇರ್ಪಡಿಸಿ, ವಿದ್ಯುದಾವೇಶ ಕೊಟ್ಟು ನಿರ್ವಾತಕ್ಕೆ ಚಿಮ್ಮಿಸಿದಾಗ ಯಂತ್ರ ಪ್ರತಿ ತುಣುಕಿನ ರಾಶಿಗೂ ಆವೇಶಕ್ಕೂ ಇರುವ ಅನುಪಾತವನ್ನು ಅಳೆಯುತ್ತದೆ. ಬಳಿಕ ಅದೇ ತುಣುಕನ್ನು ಇನ್ನಷ್ಟು ಒಡೆದು ಚೂರುಗಳನ್ನೂ ಅಳೆಯುತ್ತದೆ. ಹೀಗೆ ಬಂದ ರೋಹಿತವನ್ನು ಕಂಪ್ಯೂಟರ್ ಜೀನುಗಳ ಪಟ್ಟಿಯೊಂದಿಗೆ ಹೋಲಿಸಿ, ಇದು ಇಂಥ ಪ್ರೋಟೀನಿನ ತುಂಡು ಎಂದು ಊಹಿಸುತ್ತದೆ. ಇಲ್ಲಿ 'ಊಹಿಸುತ್ತದೆ' ಎಂದದ್ದು ಬೇಕೆಂದೇ. ಈ ಕ್ಷೇತ್ರದ ಬಲವೂ ದೌರ್ಬಲ್ಯವೂ ಆ ಊಹೆಯ ಗುಣಮಟ್ಟದಲ್ಲಿದೆ.

ಪಾಂಡೆ ತಂಡ 17 ವಯಸ್ಕ ಅಂಗಾಂಶ, 7 ಭ್ರೂಣ ಅಂಗಾಂಶ, 6 ಬಗೆಯ ರಕ್ತಕಣಗಳು, ಹೀಗೆ ಒಟ್ಟು 30 ಆರೋಗ್ಯವಂತ ಮಾದರಿಗಳನ್ನು ತೆಗೆದುಕೊಂಡಿತು. ಎರಡು ಸಾವಿರಕ್ಕೂ ಹೆಚ್ಚು ಬಾರಿ ಯಂತ್ರ ಓಡಿಸಿ ಸುಮಾರು 2.5 ಕೋಟಿ ರೋಹಿತಗಳನ್ನು ಕಲೆಹಾಕಿತು. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳು ಸುಮಾರು 20 ಸಾವಿರ. ಅವುಗಳಲ್ಲಿ 17,294 ಜೀನುಗಳ ಪ್ರೋಟೀನ್ ಕಂಡಿದ್ದೇವೆ, ಅಂದರೆ ಶೇ 84ರಷ್ಟು, ಎಂದಿತು. ಕೂಸ್ಟರ್ ತಂಡದ ಎಣಿಕೆ 18,097, ಅಂದರೆ ಶೇ 92.

ಅಂಕಿ ದೊಡ್ಡದೆಂಬ ಕಾರಣಕ್ಕೆ ನಾನು ಪಾಂಡೆ ತಂಡದ ಕೆಲಸವನ್ನು ಮೆಚ್ಚುವುದಿಲ್ಲ. ಮೆಚ್ಚಲು ಬೇರೆ ಕಾರಣಗಳಿವೆ. ಕೂಸ್ಟರ್ ತಂಡ ತನ್ನ ಅಳತೆಗಳ ಜೊತೆಗೆ ಬೇರೆಯವರು ಹಿಂದೆ ಪ್ರಕಟಿಸಿದ್ದ ದತ್ತಾಂಶವನ್ನೂ ದೊಡ್ಡ ಪ್ರಮಾಣದಲ್ಲಿ ಸೇರಿಸಿಕೊಂಡಿತ್ತು. ಪಾಂಡೆ ತಂಡ ಎಲ್ಲ ಮಾದರಿಗಳನ್ನೂ ತಾನೇ, ಒಂದೇ ವಿಧಾನದಲ್ಲಿ ಅಳೆಯಿತು. ಹಾಗಾಗಿ ಯಕೃತ್ತಿನ ಒಂದು ಪ್ರೋಟೀನನ್ನು ಭ್ರೂಣದ ಯಕೃತ್ತಿನದರೊಂದಿಗೆ ಹೋಲಿಸುವುದಕ್ಕೆ ಅರ್ಥ ಬಂತು. ಎರಡನೆಯದಾಗಿ, ಜೀನುಪಟ್ಟಿಯಲ್ಲಿ ಇದ್ದದ್ದನ್ನು ಗುರುತು ಹಾಕಿಕೊಂಡು ತಂಡ ಸುಮ್ಮನಾಗಲಿಲ್ಲ. ಪ್ರೋಟೀನ್ ತಯಾರಿಸುವುದಿಲ್ಲ ಎಂದು ಬದಿಗಿಟ್ಟಿದ್ದ ಡಿಎನ್‌ಎ ಭಾಗಗಳ ಕಡೆಗೂ ರೋಹಿತಗಳನ್ನು ತಿರುಗಿಸಿ 193 ಹೊಸ ಪ್ರೋಟೀನುಗಳ ಸುಳಿವು ಕೊಟ್ಟಿತು. ಪಠ್ಯಪುಸ್ತಕದ ಪಟ್ಟಿಯನ್ನು ಪ್ರಶ್ನಿಸುವ ಈ ಧೈರ್ಯವೇ ಪ್ರಬಂಧದ ಅತ್ಯುತ್ತಮ ಭಾಗ. ಮೂರನೆಯದಾಗಿ, ದತ್ತಾಂಶವೆಲ್ಲವನ್ನೂ ಜಗತ್ತಿಗೆ ತೆರೆದಿಟ್ಟಿತು. ತೆರೆದಿಟ್ಟದ್ದರಿಂದಲೇ ಅದರ ತಪ್ಪುಗಳೂ ಬೇಗ ಬಯಲಾದವು. ಇದು ವಿಜ್ಞಾನದಲ್ಲಿ ಮಾನ ಕಳೆಯುವ ಸಂಗತಿಯಲ್ಲ, ಮಾನ ಹೆಚ್ಚಿಸುವ ಸಂಗತಿ.

ತಪ್ಪು ಬಯಲಾದದ್ದು ಮೂಗಿನಿಂದ. ವಾಸನೆ ಹಿಡಿಯುವ ಗ್ರಾಹಕ ಪ್ರೋಟೀನುಗಳು ಮುಖ್ಯವಾಗಿ ಮೂಗಿನ ಒಳಪದರದಲ್ಲಿ ಇರುತ್ತವೆ. ಎರಡೂ ತಂಡಗಳು ಮೂಗಿನ ಅಂಗಾಂಶವನ್ನು ಮುಟ್ಟಿರಲೇ ಇಲ್ಲ. ಆದರೂ ಎರಡು ಅಧ್ಯಯನಗಳ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ವಾಸನಾ ಗ್ರಾಹಕಗಳು ಹಾಜರಿದ್ದವು! ಸ್ಪೇನಿನ ಎಜ್ಕುರ್ಡಿಯಾ, ಟ್ರೆಸ್ ಮತ್ತು ಸಂಗಡಿಗರು ಅದೇ ವರ್ಷ ಇದನ್ನು ಎತ್ತಿ ತೋರಿಸಿ, ಎರಡೂ ತಂಡಗಳ ಎಣಿಕೆ ಗಣನೀಯವಾಗಿ ಉಬ್ಬಿದೆ, ದತ್ತಾಂಶವನ್ನು ಎಚ್ಚರದಿಂದ ಬಳಸಿ ಎಂದರು. ವೃಷಣದಂಥ ಬೇರೆ ಕೆಲವು ಅಂಗಗಳಲ್ಲೂ ಒಂದೆರಡು ವಾಸನಾ ಗ್ರಾಹಕಗಳು ಇರಬಹುದು ಎಂದು ಸಮರ್ಥಿಸಿಕೊಳ್ಳಲು ಜಾಗವಿದೆ. ಆದರೆ ನೂರನ್ನು ಆ ಜಾಗದಲ್ಲಿ ತುರುಕಲಾಗದು.

ಎಡವಿದ್ದು ಹೇಗೆ? ಯಾರೂ ಅಂಕಿ ತಿದ್ದಲಿಲ್ಲ. ದೋಷ ಲೆಕ್ಕದ ಸ್ವಭಾವದಲ್ಲೇ ಅಡಗಿತ್ತು. ಪೆಪ್ಟೈಡ್ ಗುರುತಿಸುವಾಗ ನೂರಕ್ಕೆ ಒಂದು ತಪ್ಪಾದರೆ ಸಹಿಸೋಣ ಎನ್ನುವುದು ಈ ಕ್ಷೇತ್ರದ ರೂಢಿ. ಕೂರಿಗೆಯಿಂದ ಬಿತ್ತಿದ ಕಾಳು ಸಾಲಿನಲ್ಲೇ ಬೀಳುತ್ತದೆ, ಕೈತಪ್ಪಿ ಚೆಲ್ಲಿದ್ದು ಹೊಲದ ತುಂಬ ಹರಡುತ್ತದೆ. ಸರಿಯಾದ ಪೆಪ್ಟೈಡುಗಳು ನಿಜವಾಗಿ ಇರುವ ಪ್ರೋಟೀನುಗಳ ಮೇಲೇ ಮತ್ತೆಮತ್ತೆ ಬೀಳುತ್ತವೆ. ತಪ್ಪಾದವು ಎಲ್ಲ ಜೀನುಗಳ ಮೇಲೂ ಚೆಲ್ಲಾಡುತ್ತವೆ. ಒಂದು ಕಲ್ಪಿತ ಲೆಕ್ಕ ಹಾಕಿ ನೋಡಿ. 20 ಸಾವಿರ ಜೀನುಗಳಲ್ಲಿ 14 ಸಾವಿರದ ಪ್ರೋಟೀನ್ ಮಾತ್ರ ಮಾದರಿಯಲ್ಲಿ ನಿಜವಾಗಿ ಇದೆ ಎನ್ನೋಣ. ಎರಡು ಲಕ್ಷ ಪೆಪ್ಟೈಡ್ ಗುರುತಿಸಿದರೆ ಎರಡು ಸಾವಿರ ತಪ್ಪು. ಅವು ಸಮನಾಗಿ ಚೆಲ್ಲಿದರೆ ಸುಮಾರು 600 ತಪ್ಪುಗಳು ಇಲ್ಲದ ಪ್ರೋಟೀನುಗಳ ಹೆಸರಿನಲ್ಲಿ ದಾಖಲಾಗುತ್ತವೆ. ನೂರಕ್ಕೆ ಒಂದಿದ್ದ ದೋಷ ಪ್ರೋಟೀನ್ ಪಟ್ಟಿಯಲ್ಲಿ ನೂರಕ್ಕೆ ನಾಲ್ಕಾಯಿತು. ದತ್ತಾಂಶವನ್ನು ಇಮ್ಮಡಿಗೊಳಿಸಿದರೆ ನಿಜವಾದ 14 ಸಾವಿರ ಹಾಗೇ ಉಳಿಯುತ್ತದೆ, ಸುಳ್ಳು ಹೆಸರುಗಳು ಸಾವಿರ ದಾಟುತ್ತವೆ. ಹೆಚ್ಚು ಅಳೆದಷ್ಟೂ ಹೆಚ್ಚು ಸತ್ಯ ಸಿಗುತ್ತದೆ ಎಂಬ ನಮ್ಮ ಸಹಜ ನಂಬಿಕೆಗೆ ಇದು ನೇರ ಪೆಟ್ಟು.

ಟೀಕೆ ವ್ಯರ್ಥವಾಗಲಿಲ್ಲ. 2015ರಲ್ಲಿ ಕೂಸ್ಟರ್ ಸಂಗಡಿಗರೇ ಬೃಹತ್ ದತ್ತಾಂಶದಲ್ಲಿ ಪ್ರೋಟೀನ್ ಮಟ್ಟದ ದೋಷವನ್ನು ಅಳೆಯುವ ಹೊಸ ವಿಧಾನದ ಪ್ರಕಟಣೆಯಲ್ಲಿ ಭಾಗಿಯಾದರು. ಮನುಷ್ಯನ ಪ್ರೋಟೀನುಗಳ ಇಡೀ ಸಮೂಹವನ್ನು ಪಟ್ಟಿ ಮಾಡುವ ಮಾನವ ಪ್ರೋಟಿಯೋಮ್ ಯೋಜನೆ ನಿಯಮ ಬಿಗಿಗೊಳಿಸಿತು. ಕನಿಷ್ಠ 9 ಅಮೈನೊ ಆಮ್ಲ ಉದ್ದದ, ಬೇರೆಲ್ಲೂ ಹೊಂದದ ಎರಡು ಪ್ರತ್ಯೇಕ ಪೆಪ್ಟೈಡುಗಳು ಸಿಕ್ಕರೆ ಮಾತ್ರ ಹೊಸ ಪ್ರೋಟೀನ್ ಕಂಡಿತೆಂದು ಒಪ್ಪುವ ಪದ್ಧತಿ ಬಂತು. ಆ ಕಟ್ಟುನಿಟ್ಟಿನಲ್ಲಿ, ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಶೇ 90ರ ಗಡಿ ದಾಟಿದ ಪಟ್ಟಿಯನ್ನು ಪ್ರಕಟಿಸಿದ್ದು 2020ರಲ್ಲಿ. 2014ರಲ್ಲೇ ಶೇ 84, ಶೇ 92 ಎಂದವರ ಆತುರ ಎಷ್ಟಿತ್ತು ಎಂಬುದನ್ನು ಈ ಆರು ವರ್ಷಗಳ ಅಂತರವೇ ಹೇಳುತ್ತದೆ.

ಈಗ ರೋಗದ ವಿಚಾರ. ಪಾಂಡೆ ತಂಡದ ನಕ್ಷೆ ಬಂದಾಗ ಪತ್ರಿಕೆಗಳು ಕ್ಯಾನ್ಸರ್ ಪತ್ತೆಗೆ ದಾರಿ ತೆರೆಯಿತೆಂದು ಬರೆದವು. ಆದರೆ ಆ ನಕ್ಷೆಯಲ್ಲಿ ರೋಗಿಗಳೇ ಇಲ್ಲ. ಹೆಚ್ಚಿನ ಅಂಗಾಂಶಗಳಿಗೆ ಮೂವರ ಮಾದರಿಗಳನ್ನು ಬೆರೆಸಿ ಅಳೆಯಲಾಗಿತ್ತು. ಯಾವ ಅಂಗದಲ್ಲಿ ಯಾವ ಪ್ರೋಟೀನ್ ಇದೆ ಎಂದು ತಿಳಿಯಲು ಇಷ್ಟು ಸಾಕು. ಬಯೋಮಾರ್ಕರ್‌ಗೆ ಅಂದರೆ ರೋಗಸೂಚಕಕ್ಕೆ ಬೇಕಾದದ್ದು ಇದರ ತದ್ವಿರುದ್ಧ: ಒಬ್ಬರಿಗೂ ಇನ್ನೊಬ್ಬರಿಗೂ ಎಷ್ಟು ವ್ಯತ್ಯಾಸ, ಅದೇ ವ್ಯಕ್ತಿಯಲ್ಲಿ ಬೆಳಿಗ್ಗೆಗೂ ಸಂಜೆಗೂ ಎಷ್ಟು ವ್ಯತ್ಯಾಸ, ರೋಗದ ವ್ಯತ್ಯಾಸ ಇವೆರಡನ್ನೂ ಮೀರಿದೆಯೇ ಎಂಬ ಉತ್ತರ. ಬೆರೆಸಿದ ಮಾದರಿ ಆ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಜೊತೆಗೆ ವೈದ್ಯರಿಗೆ ಸುಲಭವಾಗಿ ಸಿಗುವುದು ಅಂಗಾಂಶವಲ್ಲ, ರಕ್ತ. ರಕ್ತರಸದಲ್ಲಿ 22 ಬಗೆಯ ಪ್ರೋಟೀನುಗಳೇ ಒಟ್ಟು ಪ್ರೋಟೀನ್ ತೂಕದ ಸುಮಾರು ಶೇ 99ರಷ್ಟನ್ನು ಆಕ್ರಮಿಸಿಕೊಂಡಿವೆ. ಆಲ್ಬುಮಿನ್ ಒಂದು ಮಿಲಿಲೀಟರಿಗೆ 35ರಿಂದ 50 ಮಿಲಿಗ್ರಾಂ ಇದ್ದರೆ, ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-6 ಇರುವುದು ಕೆಲವೇ ಪಿಕೊಗ್ರಾಂ. ಎರಡರ ಅಂತರ ಸುಮಾರು ಸಾವಿರ ಕೋಟಿ ಪಟ್ಟು. ಪುಟ್ಟ ಗೆಡ್ಡೆಯೊಂದು ರಕ್ತಕ್ಕೆ ಬಿಟ್ಟ ಪ್ರೋಟೀನು ಆ ಕೆಳತುದಿಯಲ್ಲಿ ಇರುತ್ತದೆ. ಯಂತ್ರದ ಕಣ್ಣು ಮೇಲ್ತುದಿಯ ಅಬ್ಬರದಲ್ಲಿ ಮುಳುಗಿರುತ್ತದೆ.

ಈ ಕಷ್ಟವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬ ಪಾಠ ನಕ್ಷೆಗಿಂತ ಹನ್ನೆರಡು ವರ್ಷ ಮೊದಲೇ ಸಿಕ್ಕಿತ್ತು. 2002ರ ಫೆಬ್ರವರಿಯಲ್ಲಿ ಪೆಟ್ರಿಕೊಯಿನ್, ಲಿಯೊಟ್ಟಾ ಮತ್ತು ಸಂಗಡಿಗರು 'ಲ್ಯಾನ್ಸೆಟ್'ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ರಕ್ತಸಾರದ ರೋಹಿತದ ವಿನ್ಯಾಸ ನೋಡಿಯೇ, ಯಾವ ಪ್ರೋಟೀನ್ ಎಂದು ಹೆಸರಿಸದೆಯೇ, ಅಂಡಾಶಯದ ಕ್ಯಾನ್ಸರ್ ಇದ್ದ 50 ಜನರನ್ನೂ ಗುರುತಿಸಿದೆವು, ಇಲ್ಲದ 66 ಜನರಲ್ಲಿ 63 ಜನರನ್ನು ಸರಿಯಾಗಿ ಬಿಟ್ಟೆವು ಎಂದರು. ಅದನ್ನು ಆಧರಿಸಿದ 'ಓವಾಚೆಕ್' ಎಂಬ ಪರೀಕ್ಷೆಯನ್ನು ಮಾರುಕಟ್ಟೆಗೆ ತರುವ ಸಿದ್ಧತೆಯೂ ನಡೆಯಿತು. ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞರಾದ ಬ್ಯಾಗರ್ಲಿ, ಮಾರಿಸ್, ಕೂಂಬ್ಸ್ ಆ ತಂಡ ತೆರೆದಿಟ್ಟ ದತ್ತಾಂಶವನ್ನು ಮತ್ತೆ ತೆಗೆದು ನೋಡಿದರು. ಬರೀ ಯಂತ್ರದ ಗದ್ದಲ ಇರಬೇಕಾದ ಭಾಗದಲ್ಲೂ ರೋಗಿ ಮತ್ತು ಆರೋಗ್ಯವಂತರ ನಡುವೆ 'ವ್ಯತ್ಯಾಸ' ಕಾಣಿಸಿತು. ಒಂದು ದತ್ತಾಂಶದ ಗುರುತು ಇನ್ನೊಂದರಲ್ಲಿ ಕೆಲಸ ಮಾಡಲಿಲ್ಲ. ಅಂದರೆ ಕಂಡದ್ದು ರೋಗದ ವ್ಯತ್ಯಾಸವಲ್ಲ, ಮಾದರಿಗಳನ್ನು ನಿರ್ವಹಿಸಿ ಅಳೆದ ರೀತಿಯ ವ್ಯತ್ಯಾಸ ಎಂಬ ಶಂಕೆ ಗಟ್ಟಿಯಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಅಡ್ಡ ಬಂತು. 'ಓವಾಚೆಕ್' ಬಳಕೆಗೆ ಬರಲಿಲ್ಲ.

ಒಂದು ವೇಳೆ ಆ ಅಂಕಿ ನಿಜವೇ ಆಗಿದ್ದರೂ ಪರೀಕ್ಷೆ ಸೋಲುತ್ತಿತ್ತು. ಮುಟ್ಟು ನಿಂತ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರ್ ಸುಮಾರು 2,500ರಲ್ಲಿ ಒಬ್ಬರಿಗೆ. ಆರೋಗ್ಯವಂತರಲ್ಲಿ ನೂರಕ್ಕೆ ಐವರನ್ನು ತಪ್ಪಾಗಿ ರೋಗಿ ಎನ್ನುವ ಪರೀಕ್ಷೆ ಆ ಒಬ್ಬರನ್ನು ಹಿಡಿಯುವಾಗ 125 ಆರೋಗ್ಯವಂತರನ್ನೂ ಹಿಡಿಯುತ್ತದೆ. ಅವರಲ್ಲಿ ಹಲವರು ಶಸ್ತ್ರಚಿಕಿತ್ಸೆಯ ಮೇಜಿನವರೆಗೂ ಹೋಗಬೇಕಾದೀತು. ಪ್ರಯೋಗಾಲಯದ ಶೇ 95 ಊರಿನ ಜನರ ನಡುವೆ ಇಷ್ಟು ದುರ್ಬಲ. 'ಶೇ 95 ನಿಖರ' ಎನ್ನುವ ಸುದ್ದಿಗಳಲ್ಲಿ ಈ ಲೆಕ್ಕ ಕಾಣಿಸುವುದೇ ಇಲ್ಲ.

ಅದೇ ಕಾಲದ ಅದೇ ಬಗೆಯ ಯಂತ್ರದಿಂದ ಹೊರಟ ಇನ್ನೊಂದು ದಾರಿ ಮಾತ್ರ ಆಸ್ಪತ್ರೆ ಮುಟ್ಟಿತು. ಜಾನ್ಸ್ ಹಾಪ್ಕಿನ್ಸ್‌ನ ಝಾಂಗ್ ಮತ್ತು ಚಾನ್ ಅವರ ಸಂಶೋಧನೆಯಿಂದ ಬೆಳೆದ 'ಓವಾ1' ಪರೀಕ್ಷೆಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಹೆಸರು ತಿಳಿದ ಐದು ಪ್ರೋಟೀನುಗಳನ್ನು ಅಳೆಯುತ್ತದೆ, ಅದೂ ಪ್ರತಿಕಾಯ ಬಳಸುವ ಮಾಮೂಲಿ ವಿಧಾನದಲ್ಲಿ. ಎಲ್ಲ ಮಹಿಳೆಯರನ್ನೂ ಜಾಲಿಸುವ ಗುರಿ ಅದಕ್ಕಿಲ್ಲ. ಅಂಡಾಶಯದಲ್ಲಿ ಗಂಟು ಕಂಡು ಶಸ್ತ್ರಚಿಕಿತ್ಸೆ ನಿಶ್ಚಯವಾದವರನ್ನು ಕ್ಯಾನ್ಸರ್ ತಜ್ಞರ ಬಳಿಗೆ ಕಳಿಸಬೇಕೇ ಎಂಬಷ್ಟನ್ನೇ ಅದು ಹೇಳಬೇಕು. ಪ್ರಶ್ನೆ ಕಿರಿದಾದದ್ದರಿಂದ ಉತ್ತರ ಬಳಕೆಗೆ ಬಂತು.

ನಿಜಕ್ಕೂ ಗೆದ್ದ ಕಡೆಗಳಲ್ಲೆಲ್ಲ ಇದೇ ಗುಣ ಕಾಣುತ್ತದೆ. ಅಮೈಲಾಯ್ಡೋಸಿಸ್ ರೋಗದಲ್ಲಿ ಹೃದಯ, ಮೂತ್ರಪಿಂಡಗಳಲ್ಲಿ ಪ್ರೋಟೀನ್ ಗಟ್ಟಿಯಾಗಿ ಶೇಖರಗೊಳ್ಳುತ್ತದೆ. ಅದು ಪ್ರತಿಕಾಯದ ತುಣುಕಾಗಿದ್ದರೆ ಮಜ್ಜೆಗೆ ಕಿಮೋ ಬೇಕು. ಟ್ರಾನ್ಸ್‌ಥೈರೆಟಿನ್ ಆಗಿದ್ದರೆ ಔಷಧವೇ ಬೇರೆ. ಬಣ್ಣ ಹಚ್ಚಿ ನೋಡುವ ಹಳೆಯ ಪದ್ಧತಿ ಎಷ್ಟೋ ಸಲ ಗೊಂದಲ ಉಳಿಸುತ್ತಿತ್ತು. ಅಮೆರಿಕದ ಮೇಯೊ ಕ್ಲಿನಿಕ್‌ನವರು ಲೇಸರ್‌ನಿಂದ ಆ ಶೇಖರವನ್ನಷ್ಟೇ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುವ ವಿಧಾನವನ್ನು 2009ರಲ್ಲಿ ಪ್ರಕಟಿಸಿದರು. ಇಲ್ಲಿ ಅಪರಾಧಿ ಪ್ರೋಟೀನು ಮಾದರಿಯಲ್ಲಿ ಹೇರಳವಾಗಿದೆ, ಪ್ರಶ್ನೆ ಒಂದೇ, ಉತ್ತರ ಚಿಕಿತ್ಸೆಯನ್ನೇ ಬದಲಿಸುತ್ತದೆ. ಹಾಗೆಯೇ 2018ರಲ್ಲಿ ಜಪಾನಿನ ನಕಾಮುರಾ ತಂಡ ರಕ್ತರಸದ ಅಮೈಲಾಯ್ಡ್ ಬೀಟಾ ತುಣುಕುಗಳ ಅನುಪಾತದಿಂದ ಆಲ್‌ಝೈಮರ್ಸ್‌ನ ಗುರುತಾದ ಮಿದುಳಿನ ಅಮೈಲಾಯ್ಡ್ ಶೇಖರವನ್ನು ಸುಮಾರು ಶೇ 90 ನಿಖರತೆಯಿಂದ ಊಹಿಸಿತು. ಬೇಕಾದ ತುಣುಕುಗಳನ್ನು ಪ್ರತಿಕಾಯದಿಂದ ಮೊದಲೇ ಹೆಕ್ಕಿ ತೆಗೆದು ಆಮೇಲೆ ತೂಗಿತು. ಜಪಾನಿನ 121 ಜನರಲ್ಲಿ ಕಂಡದ್ದನ್ನು ಆಸ್ಟ್ರೇಲಿಯಾದ 252 ಜನರಲ್ಲೂ ಪರೀಕ್ಷಿಸಿತು. ದೊಡ್ಡ ಅಣುಗಳನ್ನು ಒಡೆಯದೆ ಲೇಸರ್‌ನಿಂದ ಚಿಮ್ಮಿಸುವ ವಿಧಾನಕ್ಕೆ 2002ರ ನೊಬೆಲ್ ಹಂಚಿಕೊಂಡ ಕೊಯಿಚಿ ತನಾಕಾ ಆ ಪ್ರಬಂಧದ ಸಹಲೇಖಕರು.

ಹಾಗಾದರೆ 2014ರ ನಕ್ಷೆಯ ಬೆಲೆ ಏನು? ಅದು ಆಕರಗ್ರಂಥ. ಆ ಪಾತ್ರದಲ್ಲಿ ಅದು ಶ್ರೇಷ್ಠ ಕೆಲಸ, ಬೆಂಗಳೂರು ಹೆಮ್ಮೆಪಡಬೇಕಾದ ಕೆಲಸ. ಅದರ ಅಂಕಿಯನ್ನು ಸ್ವಲ್ಪ ಇಳಿಸಿಕೊಂಡೇ ಓದಬೇಕು. ಅದನ್ನು ರೋಗಪತ್ತೆಯ ಸಾಧನವೆಂದು ಕರೆದದ್ದು ಮಾತ್ರ ಅತಿಶಯೋಕ್ತಿ. ಒಂದು ಪ್ರೋಟೀನ್ ಇದೆ ಎನ್ನುವುದಕ್ಕೂ ಅದು ರೋಗ ಹೇಳುತ್ತದೆ ಎನ್ನುವುದಕ್ಕೂ ನಡುವೆ ನೂರಾರು ರೋಗಿಗಳ, ಒಂದೇ ಕ್ರಮದಲ್ಲಿ ಸಂಗ್ರಹಿಸಿದ ಮಾದರಿಗಳ, ಎರಡನೆಯ ಊರಿನಲ್ಲಿ ಮತ್ತೆ ಮಾಡಿ ನೋಡುವ ನೀರಸ ದುಡಿಮೆ ಇದೆ. ನಮ್ಮ ಅನುದಾನವೂ ಶ್ಲಾಘನೆಯೂ ಹೊಸ ಯಂತ್ರಕ್ಕಿಂತ ಮೊದಲು ಆ ದುಡಿಮೆಗೆ ಸಲ್ಲಬೇಕು. 'ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ' ಎಂಬ ಸುದ್ದಿ ಮುಂದಿನ ಸಲ ಕಂಡಾಗ ಓದುಗರು ಮೂರು ಮಾತು ಕೇಳಲಿ: ಆ ಪ್ರೋಟೀನಿನ ಹೆಸರೇನು, ಬೇರೆ ಆಸ್ಪತ್ರೆಯ ರೋಗಿಗಳಲ್ಲಿ ಮತ್ತೆ ನೋಡಿದ್ದಾರೆಯೇ, ಉತ್ತರ ಸಿಕ್ಕರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಮೂರಕ್ಕೂ ಉತ್ತರವಿಲ್ಲದ ಸುದ್ದಿಯನ್ನು ನಂಬಿ ಪರೀಕ್ಷೆಗೆ ಹಣ ಕಟ್ಟಬೇಡಿ.