ಅಕ್ಷರ ಬಂತು, ಅರ್ಥ ಎಲ್ಲಿ?

ನಾವು ಒಂದು ವಾಕ್ಯ ಬರೆಯುತ್ತೇವೆ: 'ಝಂಪುಲನು ಕಿರ್ಕಿಯನ್ನು ದೊಬ್ಬಳಿಸಿದನು.' ಈಗ ಪ್ರಶ್ನೆ: ಕಿರ್ಕಿಯನ್ನು ದೊಬ್ಬಳಿಸಿದವರು ಯಾರು? ಝಂಪುಲನು. ಉತ್ತರ ಸರಿ, ಅಂಕ ಪೂರ್ತಿ. ಆದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ! ನಮ್ಮ ಪ್ರಾಥಮಿಕ ಸಾಲಿಗಳಲ್ಲಿ ಪಾಠದ ಕೊನೆಗೆ ಬರುವ 'ಒಂದು ವಾಕ್ಯದಲ್ಲಿ ಉತ್ತರಿಸಿ' ಎಂಬ ಪ್ರಶ್ನೆಗಳು ಬಹುಪಾಲು ಇದೇ ಜಾತಿಯವು. ಸಾಲು ಹುಡುಕು, ನಕಲು ಇಳಿಸು. ಇದಕ್ಕೆ ಓದಿ ತಿಳಿಯುವುದು ಅಂತ ಹೆಸರು.

ಹಾಗಾದರೆ ನಮ್ಮ ಮಕ್ಕಳಿಗೆ ಅರ್ಥವೇ ಗೊತ್ತಿಲ್ಲವೆ? ಬನಹಟ್ಟಿಯ ನೇಕಾರನ ಮಗಳು ಹಾಸು ಯಾವುದು, ಹೊಕ್ಕು ಯಾವುದು ಅಂತ ಮಗ್ಗದ ಮುಂದ ನಿಂತು ತೋರಿಸ್ತಾಳ. ಅದೇ ಹುಡುಗಿ ಪುಸ್ತಕದಲ್ಲಿ 'ಹಾಸುಹೊಕ್ಕಾಗಿದೆ' ಎಂದು ಬಂದರೆ 'ಬೆರೆತುಹೋಗಿದೆ' ಎಂಬ ಪದಾರ್ಥವನ್ನು ಹಲಗೆಯಿಂದ ಇಳಿಸಿಕೊಳ್ಳಬೇಕು. ಬೀಳಗಿಯ ಕೂಸಿಗೆ 'ಮುಳುಗಡೆ' ಅಂದರ ಆಲಮಟ್ಟಿ ಹಿನ್ನೀರಿನ ಕೆಳಗ ಹೋದ ಅಜ್ಜನ ಹೊಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಜಮಖಂಡಿ ಸೀಮೆಯ ಮಕ್ಕಳು ಕಂಡದ್ದು 'ಹೊಳಿ ಬಂದದ್ದು', ಪುಸ್ತಕದ್ದು 'ಪ್ರವಾಹ'. ಈ ಎರಡು ಮಾತುಗಳ ನಡುವೆ ದಾರಿ ಮಾಡುವುದೇ ಓದು ಕಲಿಸುವ ಕೆಲಸ. ಅದನ್ನು ಬಿಟ್ಟು ಮಗುವಿನ ಮಾತನ್ನು 'ಅಶುದ್ಧ' ಎಂದು ಹೊರಗೆ ನಿಲ್ಲಿಸಿದರೆ ಅದೂ ಒಂದು ಮಡಿ-ಮೈಲಿಗೆಯೇ.

ಅಳತೆಗೋಲನ್ನೂ ನೋಡಿ. 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆ ಅಕ್ಷರ, ಪದ, ಪ್ಯಾರಾ, ಕಥೆ ಕೊಟ್ಟು ಮಗುವಿನಿಂದ ಗಟ್ಟಿಯಾಗಿ ಓದಿಸುತ್ತದೆ. 2021ರ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥಸಹಿತ, ಎಂದು ಗುರಿ ಇಟ್ಟಿತು. ಸರಾಗ ಓದು ಬೇಡ ಎನ್ನುವವರಲ್ಲ ನಾವು. ಅಕ್ಷರ ಕೂಡಿಸುವುದರಲ್ಲೇ ದಣಿದ ಮಗುವಿಗೆ ಅರ್ಥ ಹಿಡಿಯಲು ತ್ರಾಣ ಉಳಿಯುವುದಿಲ್ಲ, ನಿಜ. ಆದರೆ ಪದ ಎಣಿಸಲು ಗಡಿಯಾರ ಸಾಕು. ಅರ್ಥ ತಿಳಿಯಿತೋ ಇಲ್ಲವೋ ನೋಡಲು ಮಾಸ್ತರು ಮಗುವಿನ ಎದುರು ಕುಂತು ಮಾತಾಡಬೇಕು.

ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ದಂಗೆ ಎದ್ದರು. ಆ ಲಾವಣಿ, ನಮ್ಮ ಸೀಮೆಯ ಆಡುಮಾತಿನ ಸಮೇತ, ಹತ್ತನೆಯ ತರಗತಿಯ ಪುಸ್ತಕ ಸೇರಿತು. ಅಷ್ಟರೊಳಗೆ ಎಷ್ಟು ಮಕ್ಕಳು ಸಾಲಿ ಬಿಟ್ಟು ಕಬ್ಬಿನ ಗ್ಯಾಂಗು ಸೇರಿರುತ್ತಾರೋ! ಅಲ್ಲಿಯೂ ದಂಗೆಗೆ ಕಾರಣ ಕೇಳಿದರೆ 'ನಿಶ್ಶಸ್ತ್ರೀಕರಣ ಕಾಯಿದೆ' ಎಂಬ ಬಾಯಿಪಾಠ ಸಾಕು. ಈ ಕಥೆಯನ್ನು ನಾಲ್ಕನೆಯ ತರಗತಿಗೇ ಸರಳವಾಗಿ ಬರೆದು ಓದಿಸಿ, 'ಬ್ಯಾಟಿ ಆಡಿ ಬದುಕವ್ರ ಕೈಯಾನ ಹತಾರ ಕಸಗೊಂಡ್ರ ಅವ್ರ ಮನ್ಯಾಗ ಏನಾಗತೈತಿ?' ಅಂತ ಯಾಕೆ ಕೇಳಬಾರದು? ಇದರ ಉತ್ತರ ಯಾವ ಸಾಲಿನಲ್ಲೂ ಸಿದ್ಧವಾಗಿ ಇರುವುದಿಲ್ಲ. ಓದಿದ್ದನ್ನೂ ತಾನು ಕಂಡ ಹಸಿವನ್ನೂ ಕೂಡಿಸಿ ಮಗು ತಾನೇ ಹುಡುಕಬೇಕು. ಮೊದಲು ತನ್ನ ಮಾತಿನಲ್ಲಿ ಹೇಳಲಿ, ಆಮೇಲೆ ಪುಸ್ತಕದ ಮಾತಿನಲ್ಲಿ ಬರೆಯಲಿ.

ನಮ್ಮ ಹಿರಿಯರಿಗೆ ಅಕ್ಷರವನ್ನೇ ಮುಟ್ಟಗೊಡಲಿಲ್ಲ. ಇಂದು ಅಕ್ಷರ ಕೊಟ್ಟು ಅರ್ಥ ಬಚ್ಚಿಟ್ಟರೆ ಬದಲಾದದ್ದೇನು? ಕಾರ್ಖಾನೆಯ ತೂಕದ ಚೀಟಿ, ಸಾಲಪತ್ರ, ಮುಳುಗಡೆಯ ನೋಟೀಸುಗಳನ್ನು ಗಡಗಡ ಓದಿ, ತಿಳಿಯದೆ ಸಹಿ ಹಾಕುವ ಮಗನಿಗೂ ಹೆಬ್ಬೆಟ್ಟು ಒತ್ತಿದ ಅಪ್ಪನಿಗೂ ಬಹಳ ಅಂತರವಿಲ್ಲ. ಓದುತ್ತಾ ಓದುತ್ತಾ ನಡುವೆ ತಡೆದು, 'ಯಾಕ್ರೀ ಸರ?' ಅನ್ನುವ ಮಗು ನಮಗೆ ಬೇಕು.