ಕೈಗೆ ಸಿಗದ ಸ್ನಾಯು

ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್ ಮುಗಿಸಿದ ಯಾವ ಹುಡುಗಿಯನ್ನೇ ಕೇಳಿ, ಸಾರ್ಕೋಮಿಯರಿನ ಚಿತ್ರವನ್ನು ನಿದ್ದೆಗಣ್ಣಲ್ಲೂ ಬರೆದುಕೊಟ್ಟಾಳು. ಎರಡು ತುದಿಗೆ ಝಡ್ ಗೆರೆ, ನಡುವೆ ಗುಲಾಬಿ ಪೆನ್ಸಿಲ್ಲಿನ ದಪ್ಪ ಮಯೋಸಿನ್, ಅದರ ಸಂದಿಗೆ ನೀಲಿಯ ಸಣ್ಣ ಆ್ಯಕ್ಟಿನ್, ಎ ಬ್ಯಾಂಡ್, ಐ ಬ್ಯಾಂಡ್, ಎಚ್ ಜೋನ್, ಒಂದೊಂದಕ್ಕೂ ಸ್ಕೇಲಿಟ್ಟು ಎಳೆದ ಬಾಣ. ರೆಕಾರ್ಡ್ ಪುಸ್ತಕಕ್ಕೆ ಇಷ್ಟು ಸಾಕು, ಮೇಡಂ ಸಹಿಯೂ ಬೀಳುತ್ತದೆ. ಅದೇ ಹುಡುಗಿಯ ಮುಂದೆ ತೋಳು ಚಾಚಿ, ‘ಡೆಲ್ಟಾಯ್ಡ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಮುಟ್ಟಿ ತೋರಿಸಮ್ಮ’ ಎಂದರೆ ಬೆರಳು ತಡವರಿಸುತ್ತದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಸ್ನಾಯುವಿನ ಪಾಠ ನಡೆಯುವ ಬಗೆಯ ಮೇಲೆ ನನ್ನ ತಕರಾರು ಇಷ್ಟರಲ್ಲೇ ಇದೆ: ಕಾಗದದ ಮೇಲೆ ಸ್ನಾಯು ಪಕ್ಕಾ, ಮೈಮೇಲೆ ಅದರ ವಿಳಾಸ ಗೊತ್ತಿಲ್ಲ.

ಇದಕ್ಕೆ ಹಲವರು ಹೇಳುವ ಮದ್ದು ರೋಗಕ್ಕಿಂತ ಕೆಟ್ಟದ್ದು. ‘ನರ್ಸುಗಳಿಗೆ ಇಷ್ಟೆಲ್ಲ ಯಾಕೆ, ಅರ್ಧ ತೆಗೆದುಹಾಕಿ’ ಎನ್ನುವ ಮಾತು ಸ್ಟಾಫ್ ರೂಮುಗಳಲ್ಲಿ ಆಗಾಗ ಕೇಳಿಬರುತ್ತದೆ. ಎಂಬಿಬಿಎಸ್ ತರಗತಿಗೆ ಮಾಡಿದ ಪಿಪಿಟಿಯಲ್ಲಿ ಹತ್ತು ಸ್ಲೈಡ್ ಕಿತ್ತು ನರ್ಸಿಂಗ್ ತರಗತಿಗೆ ತರುವ ಅತಿಥಿ ಉಪನ್ಯಾಸಕರ ಪದ್ಧತಿಯ ಹಿಂದೆ ಇರುವುದೂ ಇದೇ ನಂಬಿಕೆ. ಸಾರ್ಕೋಮಿಯರನ್ನು ತೆಗೆದುಹಾಕಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ವಾರ್ಡಿನಲ್ಲಿ ರೋಗಿ ತೀರಿಕೊಂಡರೆ ಕಣ್ಣು ಮುಚ್ಚಿಸುವುದು, ದವಡೆಗೆ ಬಟ್ಟೆ ಕಟ್ಟುವುದು, ಕೈಕಾಲು ನೇರ ಮಾಡುವುದು ನರ್ಸಿನ ಕೆಲಸ. ಅದನ್ನು ತಡಮಾಡಬಾರದು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಯಾಕೆ? ಮಯೋಸಿನ್ನಿನ ತಲೆ ಆ್ಯಕ್ಟಿನ್ನನ್ನು ಹಿಡಿದು ಎಳೆದ ಮೇಲೆ ಆ ಹಿಡಿತ ಬಿಡುವುದಕ್ಕೆ ಎಟಿಪಿ ಬೇಕು. ಸತ್ತ ದೇಹದಲ್ಲಿ ಎಟಿಪಿ ಮುಗಿಯುತ್ತದೆ, ಹಿಡಿದದ್ದು ಹಿಡಿದಂತೆಯೇ ಉಳಿಯುತ್ತದೆ. ಎರಡರಿಂದ ನಾಲ್ಕು ಗಂಟೆಯಲ್ಲಿ ಸೆಡೆತ ಶುರು, ಅದೂ ಮೊದಲು ಕಾಣುವುದು ರೆಪ್ಪೆ, ದವಡೆ, ಕತ್ತಿನಲ್ಲಿ. ಸಡಿಲವಾಗುವುದಕ್ಕೂ ಶಕ್ತಿ ಬೇಕು ಎಂಬ ಈ ಸಂಗತಿಯನ್ನು ಸಾರ್ಕೋಮಿಯರ್ ಬಿಟ್ಟು ವಿವರಿಸಲು ಬರುವುದಿಲ್ಲ. ಆದರೆ ಹೆಣದ ಆರೈಕೆಯ ಪಾಠ ಒಂದು ಕಡೆ, ಎಟಿಪಿಯ ಪಾಠ ಇನ್ನೊಂದು ಕಡೆ. ಎರಡನ್ನೂ ಜೋಡಿಸಿ ಹೇಳಿದ ಟ್ಯೂಟರನ್ನು ನಾನು ಕಂಡದ್ದು ಕಡಿಮೆ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊರಡಿಸಿದ ಪರಿಷ್ಕೃತ ಪಠ್ಯಕ್ರಮ ಈ ಜೋಡಣೆಯನ್ನೇ ಬಯಸಿತ್ತು. ವಾರ್ಷಿಕ ಪದ್ಧತಿ ಹೋಗಿ ಸೆಮಿಸ್ಟರ್ ಬಂತು. ಅನಾಟಮಿ ಹೋಗಿ ‘ಅಪ್ಲೈಡ್ ಅನಾಟಮಿ’, ಫಿಸಿಯಾಲಜಿ ಹೋಗಿ ‘ಅಪ್ಲೈಡ್ ಫಿಸಿಯಾಲಜಿ’ ಬಂದವು, ತಲಾ 60 ಗಂಟೆ. ಉದ್ದೇಶ ಒಳ್ಳೆಯದೇ. ಪರೀಕ್ಷೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ, ಅದರೊಳಗೆ ಅನಾಟಮಿಗೆ 37 ಅಂಕ, ಫಿಸಿಯಾಲಜಿಗೆ 38, ಬೇರೆ ಬೇರೆ ವಿಭಾಗ. ಹೀಗಾಗಿ ಸ್ನಾಯು ಎಲ್ಲಿದೆ ಎಂಬುದು ಒಂದು ಉತ್ತರ, ಅದು ಏನು ಮಾಡುತ್ತದೆ ಎಂಬುದು ಇನ್ನೊಂದು. ‘ಅಪ್ಲೈಡ್’ ಎಂಬುದು ಪಾಠದ ಕೊನೆಯ ಐದು ನಿಮಿಷದಲ್ಲಿ, ಬೆಲ್ಲು ಹೊಡೆಯುವ ಮುಂಚೆ ಓದಿಬಿಡುವ ‘ನರ್ಸಿಂಗ್ ಇಂಪ್ಲಿಕೇಶನ್ಸ್’ ಎಂಬ ಸ್ಲೈಡಾಗಿ ಉಳಿದಿದೆ.

ಪಾಠದ ನಡುಗಂಬವೆಂದರೆ ಮೂರು ಬಗೆಯ ಸ್ನಾಯುಗಳ ವ್ಯತ್ಯಾಸದ ಕೋಷ್ಟಕ. ಅಸ್ಥಿಸ್ನಾಯು, ಹೃದಯಸ್ನಾಯು, ನಯಸ್ನಾಯು. ಪಟ್ಟೆ ಇದೆ, ಇದೆ, ಇಲ್ಲ. ನ್ಯೂಕ್ಲಿಯಸ್ ಹಲವು, ಒಂದು, ಒಂದು. ಐಚ್ಛಿಕ, ಅನೈಚ್ಛಿಕ, ಅನೈಚ್ಛಿಕ. ಮೌಲ್ಯಮಾಪಕರಿಗೆ ಇದು ವರದಾನ, ಕಣ್ಣಾಡಿಸಿದರೆ ಅಂಕ ಬಿತ್ತು. ಆದರೆ ನರ್ಸಿನ ಕೆಲಸಕ್ಕೆ ಬೇಕಾದ ವ್ಯತ್ಯಾಸಗಳು ಈ ಕೋಷ್ಟಕದಲ್ಲಿ ಇರುವುದೇ ಇಲ್ಲ. ಯಾವುದು ನರದ ಅಪ್ಪಣೆ ಇಲ್ಲದೆ ಕದಲುವುದಿಲ್ಲ, ಯಾವುದು ಹಾರ್ಮೋನಿನ ಮಾತು ಕೇಳುತ್ತದೆ, ಯಾವುದು ಅತಿಯಾಗಿ ಹಿಗ್ಗಿದರೆ ಕೈಕೊಡುತ್ತದೆ, ಯಾವುದು ಸತ್ತರೆ ಮತ್ತೆ ಬೆಳೆಯುವುದಿಲ್ಲ: ಈ ನಾಲ್ಕು ಕಾಲಂ ಹಾಕಿದ ಕೋಷ್ಟಕವಿದ್ದರೆ ನಾನೂ ಬಾಯಿಪಾಠ ಮಾಡಿಸುತ್ತಿದ್ದೆ.

ಪಠ್ಯಪುಸ್ತಕದ ಮಾತು ಬಂದರೆ ರಾಸ್ ಮತ್ತು ವಿಲ್ಸನ್ ಅವರದನ್ನು ಬಿಟ್ಟು ಮುಂದೆ ಹೋಗಲಾಗದು. ಜಾನೆಟ್ ರಾಸ್, ಕ್ಯಾತ್ಲೀನ್ ವಿಲ್ಸನ್ ಎಂಬಿಬ್ಬರು ನರ್ಸುಗಳು ನರ್ಸುಗಳಿಗಾಗಿಯೇ ಬರೆದು 1963ರಲ್ಲಿ ಹೊರತಂದ ಪುಸ್ತಕ ಅದು. ಇವತ್ತಿಗೂ ಪರಿಷ್ಕರಣೆಯಾಗುತ್ತ ಬಂದಿದೆ, ನಮ್ಮ ಲೈಬ್ರರಿಗಳಲ್ಲಿ ಮೂಲೆ ಸವೆದ ಪ್ರತಿಗಳು ಸಿಗುತ್ತವೆ. ಭಾಷೆ ತಿಳಿ, ಚಿತ್ರಗಳು ಇನ್ನೂ ತಿಳಿ, ಪ್ರತಿ ಅಧ್ಯಾಯದ ಕೊನೆಗೆ ಕಾಯಿಲೆಗಳ ಭಾಗವಿದೆ. ದೋಷ ಇರುವುದು ಹಂಚಿಕೆಯಲ್ಲಿ. ಈಚಿನ ಆವೃತ್ತಿಗಳಲ್ಲಿ ಸ್ನಾಯು ಅಂಗಾಂಶ ಮೂರನೇ ಅಧ್ಯಾಯದಲ್ಲಿದ್ದರೆ, ಹೃದಯ ಐದರಲ್ಲಿ, ಅಸ್ಥಿಸ್ನಾಯುಗಳು ಹದಿನಾರರಲ್ಲಿ, ಗರ್ಭಕೋಶ ಹದಿನೆಂಟರಲ್ಲಿ. ಇನ್ನೊಂದು, ಅದು ಬ್ರಿಟನ್ನಿನ ವಾರ್ಡನ್ನು ಕಣ್ಣ ಮುಂದಿಟ್ಟುಕೊಂಡ ಪುಸ್ತಕ. ಸ್ನಾಯುವಿನ ಕಾಯಿಲೆಗಳೆಂದು ಕೊಡುವ ಪಟ್ಟಿಯಲ್ಲಿ ಮಯಸ್ತೇನಿಯ ಇದೆ, ಮಸ್ಕ್ಯುಲರ್ ಡಿಸ್ಟ್ರೊಫಿಯ ಬಗೆಬಗೆಗಳಿವೆ. ಕೀಟನಾಶಕ ಕುಡಿದವನ ಸ್ನಾಯು ಇಲ್ಲ. ಅದು ಅವರ ತಪ್ಪಲ್ಲ. ಆ ಪುಸ್ತಕವನ್ನಿಟ್ಟುಕೊಂಡು ಇಲ್ಲಿ ಪಾಠ ಮಾಡುವವರು ತುಂಬಬೇಕಾದ ಜಾಗ ಅದು.

ಅಲ್ಲಿಗೇ ಬರೋಣ, ಯಾಕೆಂದರೆ ಇಡೀ ಪಾಠದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ನರ ಮತ್ತು ಸ್ನಾಯು ಸೇರುವ ಸಂದು. ತರಗತಿಯಲ್ಲಿ ಅದು ಒಂದು ಸರಪಳಿಯಾಗಿ ಬರುತ್ತದೆ: ನರದ ತುದಿಯಿಂದ ಅಸಿಟೈಲ್‌ಕೋಲೀನ್ ಬಿಡುಗಡೆ, ಗ್ರಾಹಕಕ್ಕೆ ಅಂಟುವುದು, ವಿದ್ಯುತ್ ಅಲೆ, ಕ್ಯಾಲ್ಸಿಯಂ, ಸಂಕೋಚನ, ಕೊನೆಗೆ ಕೋಲಿನೆಸ್ಟರೇಸ್ ಕಿಣ್ವ ಬಂದು ಅಸಿಟೈಲ್‌ಕೋಲೀನನ್ನು ಒಡೆದುಹಾಕುವುದು. ಆರು ಹೆಜ್ಜೆ, ಐದು ಅಂಕ. ಈಗ ತಾಲ್ಲೂಕು ಆಸ್ಪತ್ರೆಗೆ ಕ್ಲೋರ್‌ಪೈರಿಫಾಸ್ ಕುಡಿದವನೊಬ್ಬನನ್ನು ಹೊತ್ತು ತಂದಿದ್ದಾರೆ ಎಂದುಕೊಳ್ಳಿ. ಆ ಆರನೇ ಹೆಜ್ಜೆ ನಿಂತುಹೋಗಿದೆ, ಅಷ್ಟೇ. ಬಾಯಿಂದ ಜೊಲ್ಲು, ಎದೆಯಲ್ಲಿ ಗೊರಗೊರ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಚರ್ಮದಡಿಯಲ್ಲಿ ಮಿಣುಮಿಣುಗುಟ್ಟುವ ಸ್ನಾಯು. ಅಟ್ರೋಪಿನ್ ಶುರುವಾಗುತ್ತದೆ, ಎದೆ ತಿಳಿಯಾಗುತ್ತದೆ, ಜೊಲ್ಲು ನಿಲ್ಲುತ್ತದೆ. ಮನೆಯವರಿಗೆ ಜೀವ ಬಂದಂತಾಗಿ ಕಾಫಿ ಕುಡಿಯಲು ಕ್ಯಾಂಟೀನಿಗೆ ಇಳಿಯುತ್ತಾರೆ.

ಅಪಾಯ ಮುಗಿದಿರುವುದಿಲ್ಲ. ಅಟ್ರೋಪಿನ್ ಕೆಲಸ ಮಾಡುವುದು ಗ್ರಂಥಿಗಳ ಮತ್ತು ನಯಸ್ನಾಯುವಿನ ಗ್ರಾಹಕಗಳ ಮೇಲೆ. ಉಸಿರಾಡಿಸುವ ಅಸ್ಥಿಸ್ನಾಯುವಿನ ಗ್ರಾಹಕವೇ ಬೇರೆ ಜಾತಿಯದು, ಅದನ್ನು ಅಟ್ರೋಪಿನ್ ಮುಟ್ಟುವುದಿಲ್ಲ. ವಿಷ ಕುಡಿದ ಒಂದರಿಂದ ನಾಲ್ಕು ದಿನದೊಳಗೆ ಕೆಲವರಲ್ಲಿ ಸ್ನಾಯು ಸೋಲುವ ಎರಡನೇ ಹಂತ ಬರುತ್ತದೆ. ಶ್ರೀಲಂಕಾದ ವೈದ್ಯರಾದ ಸೇನನಾಯಕೆ ಮತ್ತು ಕರಲ್ಲಿಯಡ್ಡೆ 1987ರಲ್ಲಿ ಇದನ್ನು ‘ಇಂಟರ್‌ಮೀಡಿಯೆಟ್ ಸಿಂಡ್ರೋಮ್’ ಎಂದು ಗುರುತಿಸಿ ಬರೆದರು. ಮೊದಲಿಗೇ ಸೋಲುವವುಗಳಲ್ಲಿ ಕತ್ತನ್ನು ಮುಂದಕ್ಕೆ ಬಾಗಿಸುವ ಸ್ನಾಯುಗಳಿವೆ. ‘ದಿಂಬಿನಿಂದ ತಲೆ ಎತ್ತಪ್ಪ’ ಎಂದರೆ ರೋಗಿ ಎತ್ತಲಾರ. ಆಮೇಲೆ ಉಸಿರಿನ ಸ್ನಾಯುಗಳ ಸರದಿ. ಇದನ್ನು ಕಂಡುಹಿಡಿಯಲು ಯಂತ್ರ ಬೇಡ, ಲ್ಯಾಬು ಬೇಡ, ರೌಂಡ್ಸಿಗೆ ಡಾಕ್ಟರು ಬರುವವರೆಗೆ ಕಾಯಬೇಕಿಲ್ಲ. ಗಂಟೆಗೊಮ್ಮೆ ಬಿ.ಪಿ. ನೋಡಲು ಬರುವ ನೈಟ್ ಡ್ಯೂಟಿ ಸಿಸ್ಟರ್ ಒಂದು ವಾಕ್ಯ ಹೆಚ್ಚು ಮಾತಾಡಿದರೆ ಸಾಕು. ಆ ವಾಕ್ಯ ಅವರ ಬಾಯಿಗೆ ಬರಬೇಕಾದದ್ದು ಮೊದಲ ಸೆಮಿಸ್ಟರಿನ ಆ ಆರು ಹೆಜ್ಜೆಗಳಿಂದ. ಈ ಸಂದಿನ ಮಟ್ಟಿಗೆ ನಮ್ಮ ಪಾಠದ ಆಳ ಸಾಲದು.

ಹಾವಿನ ವಿಷದ ಕತೆಯೂ ಇದೇ ಸಂದಿನದು. ನಾಗರಹಾವಿನ ವಿಷ ಸ್ನಾಯುವಿನ ಕಡೆಯ ಗ್ರಾಹಕವನ್ನು ಮುಚ್ಚುತ್ತದೆ, ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಮೊದಲನೆಯದರಲ್ಲಿ ನಿಯೋಸ್ಟಿಗ್ಮಿನ್ ಕೈಹಿಡಿಯಬಹುದು, ಎರಡನೆಯದರಲ್ಲಿ ಸಾಮಾನ್ಯವಾಗಿ ಇಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವು ಗುರುತೇ ಬಿಡದೆ ಹೋಗುವುದುಂಟು. ಬೆಳಗಿನ ಜಾವ ರೆಪ್ಪೆ ಜೋತುಬಿದ್ದರೆ ‘ನಿದ್ದೆ ಮಂಪರು’ ಎಂದು ಮನೆಯವರು ಹೇಳುತ್ತಾರೆ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಸ್ನಾಯುಪಾಠಕ್ಕೆ ಅದರ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಕ್ಯಾಲ್ಸಿಯಂ ವಿಚಾರದಲ್ಲಿ ವಿದ್ಯಾರ್ಥಿಗಳು ಒಂದು ಒಗಟನ್ನು ಹಾಗೇ ನುಂಗಿಕೊಂಡು ಪಾಸಾಗುತ್ತಾರೆ. ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕು ಎಂದು ಜನವರಿಯಲ್ಲಿ ಓದಿದವರೇ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಕೈ ಸೆಡೆದುಕೊಳ್ಳುತ್ತದೆ ಎಂದು ಮತ್ತೊಂದು ಸೆಮಿಸ್ಟರಿನಲ್ಲಿ ಓದುತ್ತಾರೆ. ಕಡಿಮೆಯಾದರೆ ಸಡಿಲವಾಗಬೇಕಿತ್ತಲ್ಲ ಎಂದು ಕೇಳುವವರೂ ಇಲ್ಲ, ಕೇಳಲಿ ಎಂದು ಕಾಯುವವರೂ ಇಲ್ಲ. ಉತ್ತರ ಚೆನ್ನಾಗಿದೆ: ಅಸ್ಥಿಸ್ನಾಯು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಒಳಗೇ ಕೂಡಿಟ್ಟುಕೊಂಡಿರುತ್ತದೆ, ಹೊರಗಿನ ಕ್ಯಾಲ್ಸಿಯಂ ನರಗಳನ್ನು ಅಂಕೆಯಲ್ಲಿಡುತ್ತದೆ, ಅದು ಇಳಿದರೆ ನರಗಳು ಕಾರಣವಿಲ್ಲದೆ ಕೆರಳುತ್ತವೆ. ಥೈರಾಯ್ಡ್ ಆಪರೇಶನ್ ಆದ ಮರುದಿನ ಬಿ.ಪಿ. ಕಫ್ ಮೂರು ನಿಮಿಷ ಬಿಗಿದಿಟ್ಟಾಗ ರೋಗಿಯ ಬೆರಳುಗಳು ಒಂದಕ್ಕೊಂದು ಸೇರಿ ಮಣಿಕಟ್ಟು ಒಳಕ್ಕೆ ಬಾಗುತ್ತದಲ್ಲ, ಅದನ್ನು ಈ ವಿವರಣೆ ಗೊತ್ತಿರುವವರು ಮರೆಯಲಾರರು.

ಹೆರಿಗೆ ಕೋಣೆಯಲ್ಲಿ ನಯಸ್ನಾಯು ಜೀವ ಉಳಿಸುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಆ ರಕ್ತನಾಳಗಳ ಬಾಯಿ ಮುಚ್ಚುವವರು ಯಾರು? ಗರ್ಭಕೋಶದ ನಡುಪದರದಲ್ಲಿ ಅಡ್ಡಾದಿಡ್ಡಿ ಹೆಣೆದುಕೊಂಡ ಸ್ನಾಯುನಾರುಗಳು. ಅವು ಬಿಗಿದಾಗ ನಡುವೆ ಹಾದುಹೋಗುವ ನಾಳಗಳು ಹುರಿಕಟ್ಟಿದಂತೆ ಹಿಸುಕಿಹೋಗುತ್ತವೆ. ಬಿಗಿಯದಿದ್ದರೆ ರಕ್ತಸ್ರಾವ. ಹತ್ತು ಯೂನಿಟ್ ಆಕ್ಸಿಟೋಸಿನ್ ತೊಡೆಗೆ ಕೊಡುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯೋ ಮೆತ್ತಗೋ ನೋಡುವುದು, ಮೆತ್ತಗಿದ್ದರೆ ಉಜ್ಜುವುದು, ತುಂಬಿದ ಮೂತ್ರಕೋಶ ಅಡ್ಡ ಬರದಂತೆ ಖಾಲಿ ಮಾಡಿಸುವುದು, ಇವೆಲ್ಲ ಆ ಒಂದು ಹೆಣಿಗೆಯ ಮೇಲೆ ನಿಂತ ಕೆಲಸಗಳು. ಹೊಸ ಪಠ್ಯಕ್ರಮದಲ್ಲಿ ಪ್ರಸೂತಿ ಶುಶ್ರೂಷೆ ಬರುವುದು ಆರನೇ ಸೆಮಿಸ್ಟರಿಗೆ. ಮೊದಲನೆಯದರಲ್ಲಿ ‘ನಯಸ್ನಾಯು ನಿಧಾನವಾಗಿ ಸಂಕುಚಿಸುತ್ತದೆ, ಬೇಗ ದಣಿಯುವುದಿಲ್ಲ’ ಎಂದು ಬರೆದುಕೊಂಡ ಸಾಲು ಅಷ್ಟು ಹೊತ್ತಿಗೆ ಎಲ್ಲಿ ನೆನಪಿದ್ದೀತು?

ಹೃದಯಸ್ನಾಯುವಿನ ಪಾಠ ಇದ್ದುದರಲ್ಲಿ ವಾಸಿ. ಇಸಿಜಿ, ಸಿಪಿಆರ್ ಇರುವುದರಿಂದ ಅದು ವಾರ್ಡಿಗೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಒಂದು ಕೊರತೆ ಮಾತ್ರ ಹೇಳುತ್ತೇನೆ: ಕ್ಯಾಜುವಾಲ್ಟಿಯಿಂದ ‘ಟ್ರಾಪ್-ಐ’ ಕಳಿಸಿ ಎಂದು ಕೂಗಿದಾಗ, ಅದು ತಾವು ಸಾರ್ಕೋಮಿಯರಿನ ಚಿತ್ರದಲ್ಲಿ ಗುರುತಿಸಿದ್ದ ಟ್ರೋಪೋನಿನ್ನಿನ ಹೃದಯದ ರೂಪವೇ, ಸತ್ತ ಹೃದಯಕೋಶದಿಂದ ರಕ್ತಕ್ಕೆ ಸೋರಿದ್ದು ಎಂದು ಹೊಳೆಯುವ ಇಂಟರ್ನಿಗಳು ವಿರಳ.

ಇನ್ನು ಇಂಜೆಕ್ಷನ್. ಅದು ಎರಡನೇ ಸೆಮಿಸ್ಟರಿನ ನರ್ಸಿಂಗ್ ಫೌಂಡೇಶನ್ನಿನ ಪಾಲು. ಅಭ್ಯಾಸ ರಬ್ಬರ್ ತೋಳಿನ ಮೇಲೆ. ಆ ತೋಳಿಗೆ ಒಂದೇ ದಪ್ಪ, ಒಂದೇ ವಯಸ್ಸು. ಎಲುಬಿಗೆ ಚರ್ಮ ಅಂಟಿದ ಅಜ್ಜಿಯ ತೋಳು ಲ್ಯಾಬಿನಲ್ಲಿ ಸಿಗುವುದಿಲ್ಲ. ಭುಜದ ಎಲುಬಿನ ತುದಿಯಿಂದ ಎರಡು ಮೂರು ಬೆರಳು ಕೆಳಗೆ ಎಂಬ ಅಳತೆ ಬಿಟ್ಟು ಮೇಲಕ್ಕೆ ಚುಚ್ಚಿದರೆ ಸೂಜಿ ಕೀಲಿನ ಚೀಲಕ್ಕೆ ಹೋಗುತ್ತದೆ, ತಿಂಗಳುಗಟ್ಟಲೆ ಭುಜ ಎತ್ತಲಾಗದೆ ಹೋಗಬಹುದು. ಕೋವಿಡ್ ಲಸಿಕೆಯ ಕಾಲದಲ್ಲಿ ಜಗತ್ತಿನ ಹಲವೆಡೆ ಇಂಥವು ವರದಿಯಾದವು. ಪೃಷ್ಠದ ವಿಷಯದಲ್ಲಂತೂ ಪುಸ್ತಕಕ್ಕೂ ವಾರ್ಡಿಗೂ ಎಣ್ಣೆ ಸೀಗೆಕಾಯಿ. ಸಯಾಟಿಕ್ ನರದ ಹತ್ತಿರ ಹೋಗದ ವೆಂಟ್ರೋಗ್ಲೂಟಿಯಲ್ ಜಾಗವೇ ಸುರಕ್ಷಿತ ಎಂದು ಪುಸ್ತಕ ಹೇಳುತ್ತದೆ: ತೊಡೆಯೆಲುಬಿನ ಗಂಟಿನ ಮೇಲೆ ಅಂಗೈ, ಸೊಂಟದೆಲುಬಿನ ಮುಂತುದಿಗೆ ತೋರುಬೆರಳು, ಎಲುಬಿನ ಅಂಚಿಗುಂಟ ಹಿಂದಕ್ಕೆ ಚಾಚಿದ ನಡುಬೆರಳು, ಎರಡರ ನಡುವಿನ ಕವೆಯಲ್ಲಿ ಸೂಜಿ. ಓಪಿಡಿಯಲ್ಲಿ ಆಗುವುದು ಬೇರೆ. ಪರದೆಯ ಮರೆಗೆ ಬಂದ ಹೆಂಗಸು ನಿಂತಲ್ಲೇ ಸೀರೆಯನ್ನು ಸೊಂಟದಿಂದ ನಾಲ್ಕು ಬೆರಳು ಜಾರಿಸುತ್ತಾಳೆ, ಕಂಡ ಜಾಗಕ್ಕೆ ಸೂಜಿ. ಇಲ್ಲಿ ತಡೆಯಾಗಿರುವುದು ಸಂಕೋಚ, ಮಂಚದ ಕೊರತೆ, ಹಿಂದಿರುವ ಕ್ಯೂ. ಇದನ್ನು ಎದುರಿಸದೆ ಕೇವಲ ನಾಲ್ಕು ಜಾಗಗಳ ಹೆಸರು ಬರೆಸುವ ಪಾಠವನ್ನು ನಾನು ಅರ್ಧ ಪಾಠವೆಂದೇ ಎಣಿಸುತ್ತೇನೆ.

ಚೆನ್ನಾಗಿ ಕಲಿಸುವವರೂ ಇದ್ದಾರೆ, ಅವರ ಉಪಾಯಗಳಿಗೆ ಖರ್ಚೂ ಇಲ್ಲ. ಸಹಪಾಠಿಯ ತೋಳಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಡೆಲ್ಟಾಯ್ಡಿನ ಅಂಚು ಬರೆಸುವುದು, ತೂಕ ಎತ್ತಿಸಿ ಸ್ನಾಯು ಉಬ್ಬುವುದನ್ನು ಮುಟ್ಟಿಸುವುದು, ಕ್ಲಿನಿಕಲ್ ಪೋಸ್ಟಿಂಗಿನಲ್ಲಿ ತಿಂಗಳಿಂದ ಹಾಸಿಗೆ ಹಿಡಿದವರ ತೊಡೆಯನ್ನು ಟೇಪಿನಲ್ಲಿ ಅಳೆಸುವುದು. ಎಚ್ ಜೋನ್, ಎಂ ಗೆರೆಗಳ ಬಾಣ, ಮೂಲ-ನಿವೇಶಗಳ ಉದ್ದ ಪಟ್ಟಿ, ಇವನ್ನು ಕೈಬಿಟ್ಟರೆ ಇದಕ್ಕೆ ಬೇಕಾದ ಹೊತ್ತು ಸಿಗುತ್ತದೆ. 1954ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಜಾರುವ ಎಳೆಗಳ ಸಿದ್ಧಾಂತ ಪ್ರಕಟಿಸಿದ ಇಬ್ಬರು ಹಕ್ಸ್‌ಲಿಗಳು ಬೇರೆ ಬೇರೆ ತಂಡದವರೆಂದು ನೆನಪಿಡದಿದ್ದರೂ ನರ್ಸಿಗೆ ನಷ್ಟವಿಲ್ಲ.

ಪಠ್ಯಕ್ರಮ ಮತ್ತೆ ಬದಲಾಗಲಿ ಎಂದು ಕಾಯಬೇಕಿಲ್ಲ, ಪ್ರಶ್ನೆಪತ್ರಿಕೆ ತೆಗೆಯುವವರು ಮನಸ್ಸು ಮಾಡಿದರೆ ಸಾಕು. ಮೂರು ಸ್ನಾಯುಗಳ ವ್ಯತ್ಯಾಸ ಕೇಳುವ ಜಾಗದಲ್ಲಿ, ವಿಷ ಕುಡಿದು ಮೂರನೇ ದಿನ, ಜೊಲ್ಲು ನಿಂತಿದೆ, ತಲೆ ಎತ್ತಲಾಗುತ್ತಿಲ್ಲ, ಯಾವ ಸ್ನಾಯು, ಯಾಕೆ ಎಂದು ಐದು ಅಂಕಕ್ಕೆ ಕೇಳಲಿ. ಇದಕ್ಕೆ ಇವತ್ತಿನ ಗೈಡುಗಳಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ. ಒಂದೆರಡು ವರ್ಷದಲ್ಲಿ ಗೈಡಿನವರೂ ಹಾಕಿಬಿಡುತ್ತಾರೆ, ಆಗ ಹಾವಿನ ಪ್ರಶ್ನೆ ಕೇಳಬೇಕು.